ಕುಗ್ಗುವ ಹೊತ್ತು, ಹಿಗ್ಗುವ ಹೊತ್ತು: ಪಾಲಿಮರ್ ಸೆರಾಮಿಕ್ ಆಗುವಾಗ ಬಿಸಿಗೇನು ಕೆಲಸ, ಲೋಹಕ್ಕೇನು ಕೆಲಸ?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಎಂ.ಎಸ್ಸಿ. ರಸಾಯನಶಾಸ್ತ್ರ ಓದುತ್ತಿದ್ದೇನೆ. ಪ್ರಾಜೆಕ್ಟಿಗೆಂದು, ಸೆರಾಮಿಕ್ ಆಗಿಸಲು, ಸಿಲಿಕೋನ್ ರಾಳವನ್ನು (ಸಿಲಿಕಾನ್-ಆಮ್ಲಜನಕ ಸರಪಳಿಯ ಪಾಲಿಮರ್) 5 ಮಿ.ಮೀ. ದಪ್ಪದ ಬಿಲ್ಲೆಯಾಗಿ ಒತ್ತಿ, ಆರ್ಗಾನ್ ಹಾಯಿಸುತ್ತ ಟ್ಯೂಬ್ ಫರ್ನೇಸಿನಲ್ಲಿ ನಿಮಿಷಕ್ಕೆ 10 ಡಿಗ್ರಿಯಂತೆ 1000 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದೆವು. ಕಪ್ಪಗಾಗಿ, ಕುಗ್ಗಿ, ಮೂರು ಹೋಳಾಗಿ ಹೊರಬಂತು. ಗೆಳತಿಯೊಬ್ಬಳು ಅದೇ ರಾಳಕ್ಕೆ ಕಬ್ಬಿಣದ ಪುಡಿ ಬೆರೆಸಿ, 2 ಮಿ.ಮೀ.ನ ಬಿಲ್ಲೆ ಮಾಡಿ, ಬೇರೆ ಕಡೆ ನೈಟ್ರೋಜನ್‌ನಲ್ಲಿ 1400 ಡಿಗ್ರಿಗೆ ಸುಟ್ಟಳು. ಅದು ಒಡೆಯಲಿಲ್ಲ, ಆದರೆ ಮೈತುಂಬ ಬೂದುಬಣ್ಣದ ಹತ್ತಿಯಂಥ ಎಳೆ ಬೆಳೆದಿತ್ತು, ಆಯಸ್ಕಾಂತಕ್ಕೂ ಅಂಟಿತು. ನಮ್ಮ ಗೈಡ್ ಅಲ್ಯೂಮಿನಿಯಂ ಇಲ್ಲವೇ ಟೈಟಾನಿಯಂ ಹಾಕಿ ನೋಡಿ ಎನ್ನುತ್ತಾರೆ. ಯಾವ ಲೋಹ ಸರಿ? ಎಷ್ಟು ಬಿಸಿ ಬೇಕು?

ಉತ್ತರ: ಮೂರು ಹೋಳಾದ ಆ ಬಿಲ್ಲೆಯನ್ನು ಎಸೆದಿಲ್ಲ ತಾನೆ? ಇಟ್ಟುಕೊಂಡಿರಿ, ಕೊನೆಯಲ್ಲಿ ಅದರಿಂದ ಒಂದು ಕೆಲಸವಿದೆ.

ನೀವು ಮೊದಲು ಕೇಳಿದ್ದು ಯಾವ ಲೋಹ ಅಂತ. ಆದರೆ ನಿಮ್ಮ ಬಿಲ್ಲೆ ಒಡೆದದ್ದು ಲೋಹ ಹಾಕಲಿಲ್ಲ ಎಂಬ ಕಾರಣಕ್ಕಲ್ಲ. 5 ಮಿ.ಮೀ. ದಪ್ಪ, ನಿಮಿಷಕ್ಕೆ 10 ಡಿಗ್ರಿ. ಇವೆರಡೂ ಒಟ್ಟಿಗೆ ಬಂದರೆ ಯಾವ ಲೋಹ ಹಾಕಿದ್ದರೂ ಬಿಲ್ಲೆ ಉಳಿಯುವುದು ಕಷ್ಟವಿತ್ತು. ಅದಕ್ಕೇ ನಾನು ಬಿಸಿಯಿಂದ ಶುರು ಮಾಡುತ್ತೇನೆ. ಬಿಸಿ ಯಾವ ಹೊತ್ತಿನಲ್ಲಿ ಏನು ಮಾಡುತ್ತದೆಂದು ಗೊತ್ತಾದರೆ, ಅಲ್ಲಿ ಲೋಹಕ್ಕೆ ಎಲ್ಲಿ ಕೆಲಸವಿದೆ, ಎಲ್ಲಿ ಇಲ್ಲ ಎಂಬುದು ತಾನಾಗಿ ತಿಳಿಯುತ್ತದೆ.

ದಾವಣಗೆರೆಯವರಿಗೆ ಮಂಡಕ್ಕಿ ಭಟ್ಟಿಯನ್ನು ನಾನು ವಿವರಿಸಬೇಕಿಲ್ಲ. ಕಾದ ಮರಳಿಗೆ ಅಕ್ಕಿ ಬಿದ್ದ ಕೆಲವೇ ಸೆಕೆಂಡಿನಲ್ಲಿ ಕಾಳು ಅರಳುತ್ತದೆ. ಕಾಳಿನೊಳಗಿನ ನೀರು ಆವಿಯಾಗಿ ಹೊರಗೆ ದಾರಿ ಹುಡುಕುತ್ತದೆ. ಅದೇ ಹೊತ್ತಿಗೆ ಪಿಷ್ಟವೂ ಬಿಸಿಗೆ ಮೆತ್ತಗಾಗಿರುವುದರಿಂದ ಆವಿ ಒತ್ತಿದ ಕಡೆಗೆ ಉಬ್ಬಿಕೊಳ್ಳುತ್ತದೆ. ಮೆತ್ತಗಾಗದೆ ಗಟ್ಟಿಯಾಗೇ ಇದ್ದಿದ್ದರೆ ಕಾಳು ಉಬ್ಬುತ್ತಿರಲಿಲ್ಲ, ಸೀಳುತ್ತಿತ್ತು. ರಾಳದ ಬಿಲ್ಲೆಗೂ ಇರುವುದು ಇವೆರಡೇ ಅಪಾಯ. ಮೆತ್ತಗಿರುವಾಗ ಅನಿಲ ಎದ್ದರೆ ಮಂಡಕ್ಕಿಯಂತೆ ಉಬ್ಬಿ ಒಳಗೆಲ್ಲ ಗುಳ್ಳೆ. ಗಟ್ಟಿಯಾದ ಮೇಲೆ ಅನಿಲ ಎದ್ದು ದಾರಿ ಸಿಗದಿದ್ದರೆ ಬಿರುಕು.

ಮೊದಲ ಅಪಾಯವನ್ನು ತಪ್ಪಿಸುವುದು 150ರಿಂದ 250 ಡಿಗ್ರಿ ನಡುವೆ. ಪುಡಿಯ ರೂಪದಲ್ಲಿ ಸಿಗುವ ಸಿಲಿಕೋನ್ ರಾಳ ಬೆಂಕಿಯ ಬಳಿ ಹೋಗುವ ಮೊದಲೇ, ಎಷ್ಟೋ ಸಲ 50-60 ಡಿಗ್ರಿಗೇ ಮೆತ್ತಗಾಗುತ್ತದೆ. 200ರ ಸುಮಾರಿನಲ್ಲಿ ಕೆಲವು ಗಂಟೆ ಇಟ್ಟರೆ ಸರಪಳಿ ಸರಪಳಿಗೆ ಅಡ್ಡಬಂಧ ಬೀಳುತ್ತದೆ. ಈ ಅಡ್ಡಬಂಧ ಬೀಳುವಾಗ ನೀರು ಇಲ್ಲವೇ ಆಲ್ಕೋಹಾಲ್ ಹೊರಬರುತ್ತದೆ, ಅದಕ್ಕೂ ಹೊರಹೋಗಲು ಸಮಯ ಬೇಕು. ಒಮ್ಮೆ ಸರಿಯಾಗಿ ಬಿಗಿದುಕೊಂಡ ರಾಳ ಮತ್ತೆ ಕರಗುವುದಿಲ್ಲ. ಮುಂದೆ ಎಷ್ಟೇ ಕಾಯಿಸಿದರೂ ನೀವು ಕೊಟ್ಟ ಆಕಾರ ಅದಕ್ಕೆ ನೆನಪಿರುತ್ತದೆ. ಇಲ್ಲೇ ಲೋಹದ ಮೊದಲ ಪಾತ್ರ ಬರುತ್ತದೆ, ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಸತು, ತವರ, ಅಲ್ಯೂಮಿನಿಯಂಗಳ ಸಂಯುಕ್ತವನ್ನು ಚಿಟಿಕೆಯಷ್ಟು ಬೆರೆಸಿದರೆ ಈ ಬಂಧ ಬೇಗ, ಕಡಿಮೆ ಬಿಸಿಗೇ ಬೀಳುತ್ತದೆ. ವಿನೈಲ್ ಗುಂಪು ಮತ್ತು ಸಿಲಿಕಾನ್-ಹೈಡ್ರೋಜನ್ ಬಂಧ ಇರುವ ದ್ರವರಾಳಗಳಿಗೆ ಪ್ಲಾಟಿನಂ ಸಾಕು, ಅದೂ ಹತ್ತು ಲಕ್ಷಕ್ಕೆ ಕೆಲವು ಪಾಲು ಮಾತ್ರ. ಅಂಥ ದ್ರವರಾಳಕ್ಕೆ ಕ್ಷಾರದ ಅಂಶವಾಗಲಿ, ಕೆಲವು ಲೋಹಲವಣಗಳಾಗಲಿ ತಾಗಿದರೆ ಹೈಡ್ರೋಜನ್ ಗುಳ್ಳೆಗುಳ್ಳೆಯಾಗಿ ಏಳುತ್ತದೆ. ಬೆರೆಸಿದ ತಕ್ಷಣ ಬಾಟಲಿ ಮುಚ್ಚಿಡಬೇಡಿ.

ಎರಡನೆಯ ಅಪಾಯ 400ರಿಂದ 800 ಡಿಗ್ರಿ ನಡುವೆ ಕಾದಿರುತ್ತದೆ. ನನ್ನ ಅನುಭವದಲ್ಲಿ ಹಾಳಾಗುವ ಬಿಲ್ಲೆಗಳಲ್ಲಿ ಬಹುಪಾಲು ಇಲ್ಲೇ ಹಾಳಾಗುತ್ತವೆ. 1000 ತಲುಪಿದ ಮೇಲೆ ನಾವು ನೋಡುವುದು ಆಗಿಹೋದ ಕತೆಯನ್ನು. 400 ದಾಟಿದಂತೆ ಸಿಲಿಕಾನಿಗೆ ಅಂಟಿದ ಗುಂಪುಗಳು ಸ್ಥಾನ ಬದಲಿಸುತ್ತವೆ, ಚಿಕ್ಕ ಅಣುಗಳು ಆವಿಯಾಗಿ ತಪ್ಪಿಸಿಕೊಳ್ಳುತ್ತವೆ. 600ರಿಂದ ಮೇಲೆ ಇಂಗಾಲ-ಹೈಡ್ರೋಜನ್ ಬಂಧಗಳು ಮುರಿದು ಮೀಥೇನ್ ಮತ್ತು ಹೈಡ್ರೋಜನ್ ಧಾರಾಳವಾಗಿ ಹೊರಡುತ್ತವೆ. ಪಾರದರ್ಶಕವಾಗಿದ್ದ ರಾಳ ಹಳದಿ, ಕಂದು, ಕೊನೆಗೆ ಕಪ್ಪಾಗುತ್ತದೆ. ಆ ಕಪ್ಪು, ಹೊರಹೋಗಲಾರದೆ ಉಳಿದ ಇಂಗಾಲದ್ದು.

ಕುಗ್ಗುವುದು ಎಷ್ಟು ಎಂದು ಕಾಗದದ ಮೇಲೆ ಒಮ್ಮೆ ಲೆಕ್ಕ ಹಾಕಿ ನೋಡಿ, ಗಾಬರಿಯಾಗುತ್ತದೆ. 10 ಗ್ರಾಂ ರಾಳ, ಸಾಂದ್ರತೆ ಘನ ಸೆಂ.ಮೀ.ಗೆ 1.1 ಗ್ರಾಂ, ಅಂದರೆ ಗಾತ್ರ ಸುಮಾರು 9.1 ಘನ ಸೆಂ.ಮೀ. ಐದರಲ್ಲಿ ನಾಲ್ಕು ಪಾಲು ತೂಕ ಉಳಿಯಿತು ಅನ್ನೋಣ, 8 ಗ್ರಾಂ. ಹುಟ್ಟಿದ ಸಿಲಿಕಾನ್ ಆಕ್ಸಿಕಾರ್ಬೈಡ್ (ಸಿಲಿಕಾನ್, ಆಮ್ಲಜನಕ, ಇಂಗಾಲ ಸೇರಿದ) ಗಾಜಿನ ಸಾಂದ್ರತೆ 2.2ರ ಆಸುಪಾಸು, ಗಾತ್ರ 3.6. ತೂಕದಲ್ಲಿ ಹೋದದ್ದು ಶೇ. 20, ಗಾತ್ರದಲ್ಲಿ ಹೋದದ್ದು ಶೇ. 60! 10 ಸೆಂ.ಮೀ. ಉದ್ದದ ಪಟ್ಟಿ 7.4 ಸೆಂ.ಮೀ.ಗೆ ಇಳಿಯುತ್ತದೆ. ಇಷ್ಟು ಕುಗ್ಗುವ ವಸ್ತು ಎಲ್ಲ ಕಡೆ ಒಂದೇ ಹೊತ್ತಿಗೆ ಕುಗ್ಗಿದರೆ ತೊಂದರೆಯಿಲ್ಲ. ಆದರೆ ಹೊರಮೈ ಮೊದಲು ಬಿಸಿಯಾಗಿ ಮೊದಲು ಕುಗ್ಗುತ್ತದೆ, ಒಳಗು ಇನ್ನೂ ಹಿಂದಿದೆ, ಅದರೊಳಗಿನ ಅನಿಲ ಹೊರಮೈ ದಾಟಿ ಬರಬೇಕು. ಗಂಡಾಂತರ ಇದು. ಅನಿಲ ಒಸರಿ ಹೊರಬರಲು ಬೇಕಾದ ಕಾಲ ದಪ್ಪದ ವರ್ಗದಂತೆ ಏರುತ್ತದೆ: 1 ಮಿ.ಮೀ. ಬಿಲ್ಲೆಗೆ ಒಂದು ಗಂಟೆ ಸಾಕಾದಲ್ಲಿ 5 ಮಿ.ಮೀ. ಬಿಲ್ಲೆಗೆ 25 ಗಂಟೆ. ನೀವು ಕೊಟ್ಟದ್ದು 400ರಿಂದ 800ಕ್ಕೆ ಬರೀ 40 ನಿಮಿಷ.

ನಮ್ಮ ಅಜ್ಜಿಯ ಊರು ಹೊಳಲ್ಕೆರೆ ಕಡೆ. ಕುಂಬಾರರ ಆವಿಗೆಗೆ ಬೆಂಕಿ ಇಡುವ ದಿನ ನಾವು ಮಕ್ಕಳು ಹೋಗಿ ಕೂರುತ್ತಿದ್ದೆವು. ಜೋರು ಬೆಂಕಿ ನೋಡಲು ಹೋದವರಿಗೆ ಮೊದಲರ್ಧ ದಿನ ಬರೀ ಹೊಗೆ. ಮಡಕೆ ಎಷ್ಟೇ ಒಣಗಿದ್ದರೂ ಕುಂಬಾರಜ್ಜ ಎರಡೇ ಎರಡು ಕೊಳ್ಳಿ ಇಟ್ಟು ಕಾಯುತ್ತಿದ್ದ. "ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ" ಎಂಬ ಗಾದೆಯನ್ನು ನಾವು ಬೇರೆ ಅರ್ಥದಲ್ಲಿ ಹೇಳುತ್ತೇವೆ. ಫರ್ನೇಸಿನ ಮುಂದೆ ನಿಂತಾಗ ನನಗೆ ಅದು ನೇರ ಅರ್ಥದಲ್ಲೇ ನೆನಪಾಗುತ್ತದೆ. ಆ ಮೊದಲ ಹೊಗೆಯ ಹೊತ್ತು ತಪ್ಪಿದರೆ ಮುಂದಿನ ಬೆಂಕಿ ವ್ಯರ್ಥ.

1000 ಡಿಗ್ರಿಗೆ ನಿಮ್ಮ ಕೈಗೆ ಸಿಕ್ಕಿದ್ದು ಹರಳಲ್ಲ, ಗಾಜಿನಂಥ ಅಸ್ಫಟಿಕ ವಸ್ತು. ಎಕ್ಸ್‌ಆರ್‌ಡಿ (ಎಕ್ಸ್-ಕಿರಣ ಹಾಯಿಸಿ ಹರಳಿನ ರಚನೆ ನೋಡುವ ಪರೀಕ್ಷೆ) ಮಾಡಿಸಿದರೆ ಚೂಪು ಗೆರೆಗಳಿಲ್ಲದೆ ಅಗಲವಾದ ದಿಬ್ಬ ಮಾತ್ರ ಕಾಣುತ್ತದೆ. ಇನ್ನೂ ಮೇಲೆ, 1200ರಿಂದ 1400 ನಡುವೆ, ಆ ಗಾಜು ಒಳಗೊಳಗೇ ಬೇರ್ಪಡುತ್ತದೆ: ಒಂದು ಕಡೆ ಸಿಲಿಕಾ (ಸಿಲಿಕಾನಿನ ಆಕ್ಸೈಡ್) ಹೆಚ್ಚಿರುವ ಭಾಗ, ಇನ್ನೊಂದು ಕಡೆ ಇಂಗಾಲದ ತೆಳು ಪದರ, ಅಲ್ಲಲ್ಲಿ ಕೆಲವೇ ನ್ಯಾನೋಮೀಟರಿನ ಸಿಲಿಕಾನ್ ಕಾರ್ಬೈಡ್ ಹರಳು. ಇಂಗಾಲದ ಪದರಗಳು ಬೆಳೆದು ಒಂದಕ್ಕೊಂದು ತಾಗಿದಂತೆ ಬಿಲ್ಲೆಯಲ್ಲಿ ವಿದ್ಯುತ್ ಹರಿಯಲು ಶುರುವಾಗುತ್ತದೆ. 1450-1500 ದಾಟಿದರೆ ಸಿಲಿಕಾ ಮತ್ತು ಇಂಗಾಲ ಪರಸ್ಪರ ಸೇರಿ ಸಿಲಿಕಾನ್ ಕಾರ್ಬೈಡ್ ಆಗಿ, ಕಾರ್ಬನ್ ಮಾನಾಕ್ಸೈಡ್ ಹೊರಬೀಳುತ್ತದೆ. ಆಗ ಮತ್ತೊಮ್ಮೆ ತೂಕ ಇಳಿದು, ರಂಧ್ರ ಬೀಳುತ್ತದೆ.

ಇಷ್ಟೆಲ್ಲ ಆಗುವಾಗ ಸುತ್ತ ಯಾವ ಅನಿಲವಿದೆ ಎಂಬುದನ್ನು ಮರೆಯಬಾರದು. ಗಾಳಿಯಲ್ಲಿ ಸುಟ್ಟರೆ ಇಂಗಾಲ ಉರಿದುಹೋಗಿ ಬಿಳಿ ಸಿಲಿಕಾ ಉಳಿಯುತ್ತದೆ. ಆರ್ಗಾನ್ ಏನನ್ನೂ ಕೊಡುವುದಿಲ್ಲ, ಏನನ್ನೂ ಕಸಿಯುವುದಿಲ್ಲ. ನೈಟ್ರೋಜನ್ ತಣ್ಣಗಿರುವಾಗ ಆರ್ಗಾನಿನಂತೆಯೇ ಸುಮ್ಮನಿದ್ದು, ಬಿಸಿ ಏರಿದಂತೆ ತಾನೂ ಕೆಲಸಕ್ಕೆ ಕೈಹಾಕುತ್ತದೆ. ಭಟ್ಟಿಯ ಗಾಳಿ ವಸ್ತುವನ್ನು ಹೇಗೆ ಬದಲಿಸುತ್ತದೆ ಎಂದು ಕಣ್ಣಾರೆ ನೋಡಬೇಕಿದ್ದರೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ ದೂರವಿಲ್ಲ. 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಉತ್ಖನನ ಮಾಡಿದಾಗ ಬೃಹತ್ ಶಿಲಾಯುಗದ ಗೋರಿಗಳಲ್ಲಿ ಸಿಕ್ಕ ಮಡಕೆಗಳು ಕಪ್ಪು-ಕೆಂಪು ಎರಡೂ ಬಣ್ಣದವು. ಜೇಡಿಮಣ್ಣು ಒಂದೇ, ಅದರಲ್ಲಿರುವ ಕಬ್ಬಿಣವೂ ಒಂದೇ. ಗಾಳಿ ತಾಗಿದ ಕಡೆ ಕಬ್ಬಿಣ ಆಮ್ಲಜನಕ ಹಿಡಿದು ಕೆಂಪಾಯಿತು. ಗಾಳಿ ಸಿಗದೆ ಹೊಗೆ ತುಂಬಿದ ಕಡೆ ಕಪ್ಪಾಯಿತು. ಬಿಸಿ, ಇಂಗಾಲ, ಲೋಹ, ಸುತ್ತಲ ಅನಿಲ, ನಾಲ್ಕೂ ಒಂದೇ ಗಡಿಗೆಯ ಮೇಲೆ ಕಾಣುತ್ತವೆ. ನಿಮ್ಮ ಟ್ಯೂಬ್ ಫರ್ನೇಸಿನಲ್ಲಿ ನಡೆಯುವುದು ಇದೇ ನಾಲ್ವರ ವ್ಯವಹಾರ.

ಈಗ ಲೋಹಕ್ಕೆ ಬರೋಣ.

ಪುಡಿ ಬೆರೆಸುವುದರಿಂದ ಆಗುವ ಮೊದಲ ಉಪಕಾರಕ್ಕೆ ಅದು ಲೋಹವೇ ಆಗಿರಬೇಕಿಲ್ಲ. ಬಿಲ್ಲೆಯ ಮೂರನೇ ಒಂದು ಪಾಲು ಜಾಗವನ್ನು ಕುಗ್ಗದ ಪುಡಿ ಹಿಡಿದುಕೊಂಡರೆ ಕುಗ್ಗುವ ರಾಳ ಅಷ್ಟು ಕಡಿಮೆಯಾಯಿತು, ಪುಡಿಯ ಕಣಗಳ ಸಂದಿಯಿಂದ ಅನಿಲಕ್ಕೂ ದಾರಿಯಾಯಿತು. ನಿಮ್ಮ ಗೆಳತಿಯ ಬಿಲ್ಲೆ ಒಡೆಯದೆ ಉಳಿದದ್ದಕ್ಕೆ ತೆಳುವಾಗಿದ್ದದ್ದು ಒಂದು ಕಾರಣ, ಪುಡಿ ಇದ್ದದ್ದು ಇನ್ನೊಂದು. ಕಬ್ಬಿಣದ ಬದಲು ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಹಾಕಿದ್ದರೂ ಅಷ್ಟರಮಟ್ಟಿಗೆ ಉಳಿಯುತ್ತಿತ್ತು.

ಲೋಹದ ವಿಶೇಷ ಆಮೇಲೆ ಬರುತ್ತದೆ. 1995ರಲ್ಲಿ ಜರ್ಮನಿಯ ಪೀಟರ್ ಗ್ರೈಲ್ ಪ್ರಕಟಿಸಿದ ವಿಚಾರ ಇದು: ರಾಳ ಕುಗ್ಗುವುದನ್ನು ತಡೆಯಲಾಗದು, ಆದರೆ ಅದರೊಳಗೆ ಹಿಗ್ಗುವ ಪುಡಿಯೊಂದನ್ನು ಇಟ್ಟರೆ ಒಂದರ ನಷ್ಟವನ್ನು ಇನ್ನೊಂದು ತುಂಬುತ್ತದೆ. ಲೋಹ ತಾನಾಗಿ ಹಿಗ್ಗುವುದಿಲ್ಲ. ಅದು ರಾಳದ ಇಂಗಾಲವನ್ನೋ, ಹೊರಗಿನ ನೈಟ್ರೋಜನ್ನನ್ನೋ ತಿಂದು ಕಾರ್ಬೈಡ್, ನೈಟ್ರೈಡ್ ಆಗುವಾಗ ಗಾತ್ರ ಹೆಚ್ಚುತ್ತದೆ. ಸಾಂದ್ರತೆಯಿಂದ ಲೆಕ್ಕ ಹಾಕಿದರೆ ಟೈಟಾನಿಯಂ, ಟೈಟಾನಿಯಂ ಕಾರ್ಬೈಡ್ ಆಗುವಾಗ ಸುಮಾರು ಶೇ. 14 ಹಿಗ್ಗುತ್ತದೆ. ಕ್ರೋಮಿಯಂ ಕಾರ್ಬೈಡಿಗೆ ಶೇ. 24ರ ಸುಮಾರು. ಅಲ್ಯೂಮಿನಿಯಂ ನೈಟ್ರೈಡಿಗೆ ಶೇ. 25ರಷ್ಟು. ಬೋರಾನ್ ಲೋಹವಲ್ಲವಾದರೂ ಈ ಕೆಲಸದಲ್ಲಿ ಎಲ್ಲರನ್ನೂ ಮೀರಿಸುತ್ತದೆ. ಬೋರಾನ್ ನೈಟ್ರೈಡ್ ಆದಾಗ ಅದರ ಗಾತ್ರ ಎರಡು ಪಟ್ಟಿಗೂ ಹೆಚ್ಚು. ಸಿಲಿಕಾನ್ ಕಾರ್ಬೈಡ್ ಆಗುವ ಸಿಲಿಕಾನ್ ಮಾತ್ರ ಶೇ. 4 ಕೂಡ ಹಿಗ್ಗುವುದಿಲ್ಲ, ಅದನ್ನು ಈ ಕೆಲಸಕ್ಕೆ ನಂಬಬೇಡಿ. ಅದೇ ಸಿಲಿಕಾನ್ ನೈಟ್ರೋಜನ್‌ನಲ್ಲಿ ನೈಟ್ರೈಡ್ ಆದರೆ ಶೇ. 20 ದಾಟುತ್ತದೆ.

ಇನ್ನೊಂದು ಲಾಭವೂ ಇದೆ. ಮೀಥೇನ್ ಆಗಿ ಆಚೆ ಹೋಗಬೇಕಿದ್ದ ಇಂಗಾಲದಲ್ಲಿ ಒಂದಷ್ಟನ್ನು ಟೈಟಾನಿಯಂನಂಥ ಲೋಹ ಅಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಹೊರಹೋಗುವ ತೂಕವೇ ಇಳಿಯುತ್ತದೆ.

ಆದರೆ ಇಲ್ಲೊಂದು ಸೂಕ್ಷ್ಮವಿದೆ, ಬಹಳ ಮಂದಿ ಇದನ್ನು ಬಿಟ್ಟು ಮುಂದೆ ಹೋಗುತ್ತಾರೆ. ರಾಳ ಕುಗ್ಗುವುದು ಮುಖ್ಯವಾಗಿ 400ರಿಂದ 800ರಲ್ಲಿ. ಲೋಹ ಚೆನ್ನಾಗಿ ಹಿಗ್ಗುವುದು 800ರ ನಂತರ, ಕೆಲವೊಮ್ಮೆ 1200-1400ಕ್ಕೆ. ಕುಗ್ಗುವ ಹೊತ್ತು ಒಂದು, ಹಿಗ್ಗುವ ಹೊತ್ತು ಇನ್ನೊಂದು. ಆದ್ದರಿಂದ 400ರಿಂದ 800ರ ಗಂಡಾಂತರವನ್ನು ಲೋಹ ದಾಟಿಸುವುದಿಲ್ಲ. ಆ ದಾರಿಯಲ್ಲಿ ಅದು ಬರೀ ಕುಗ್ಗದ ಪುಡಿ, ಅಲ್ಯೂಮಿನಾದಂತೆಯೇ. ದಾಟಿದ ಮೇಲೆ ಉಳಿದ ರಂಧ್ರಗಳನ್ನು ತುಂಬಲು ಅದು ಎದ್ದು ನಿಲ್ಲುತ್ತದೆ. ಅವಸರದಲ್ಲಿ ಕಾಯಿಸಿ ಒಡೆದ ಬಿಲ್ಲೆಯನ್ನು ಯಾವ ಟೈಟಾನಿಯಮ್ಮೂ ಮತ್ತೆ ಕೂಡಿಸದು. ನಿಮ್ಮ ಗೈಡ್ ಹೇಳಿದ್ದು ಸರಿಯೇ, ನಿಧಾನವಾಗಿ ಕಾಯಿಸುವುದರ ಬದಲಿಗೆ ಅಲ್ಲ, ಅದರ ಜೊತೆಗೆ.

ಅಲ್ಯೂಮಿನಿಯಮ್ಮೋ ಟೈಟಾನಿಯಮ್ಮೋ? ಅದು ನಿಮ್ಮ ಸಿಲಿಂಡರಿನಲ್ಲಿ ಯಾವ ಅನಿಲವಿದೆ ಎಂಬುದರ ಮೇಲಿದೆ. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ. ಅದರ ಮೇಲಿನ ಆಕ್ಸೈಡ್ ಸಿಪ್ಪೆ ಹನಿಯನ್ನು ಸ್ವಲ್ಪ ಹೊತ್ತು ಹಿಡಿದಿಡುತ್ತದೆ. ನೈಟ್ರೋಜನ್ ಹಾಯುತ್ತಿದ್ದರೆ ಅದಕ್ಕೆ ನೈಟ್ರೈಡ್ ಆಗುವ ದಾರಿಯಿದೆ. ಆರ್ಗಾನಿನಲ್ಲಿ ಸುಟ್ಟರೆ ಅದಕ್ಕೆ ಸಿಗುವುದು ರಾಳದ ಆಮ್ಲಜನಕ ಮತ್ತು ಇಂಗಾಲ ಮಾತ್ರ; ಅಲ್ಯೂಮಿನಿಯಂ ಜಾಸ್ತಿಯಿದ್ದರೆ ಅಲ್ಯೂಮಿನಿಯಂ ಕಾರ್ಬೈಡ್ ಹುಟ್ಟುತ್ತದೆ. ಇದು ತೇವ ತಡೆಯದ ವಸ್ತು, ನೀರಿನಂಶ ತಾಗಿದರೆ ಮೀಥೇನ್ ಬಿಟ್ಟು ಹೈಡ್ರಾಕ್ಸೈಡ್ ಆಗುತ್ತದೆ. ನನ್ನ ಮೊದಮೊದಲ ಕೆಲಸದಲ್ಲಿ ಹಾಗೆ ಸುಟ್ಟ ಐದು ಬಿಲ್ಲೆಗಳು ಫರ್ನೇಸಿನಿಂದ ಬಿರುಕಿಲ್ಲದೆ ಬಂದವು. ಬೆರಳಲ್ಲಿ ತಟ್ಟಿದರೆ ಠಣ್ ಎನ್ನುತ್ತಿದ್ದವು. ಅಳತೆ ಬರೆದು, ಕಾಗದದಲ್ಲಿ ಸುತ್ತಿ ಕಪಾಟಿನಲ್ಲಿಟ್ಟೆ. ಮಳೆಗಾಲ ಕಳೆದು ತೆಗೆದು ನೋಡಿದರೆ ಕಾಗದದೊಳಗೆ ಬೂದು ಪುಡಿ, ನಡುವೆ ಕಡಲೆಕಾಳಿನಷ್ಟು ದೊಡ್ಡ ಚೂರುಗಳು. ಒಂದು ಬಿಲ್ಲೆ ಮಾತ್ರ ಅಂಚಿನಲ್ಲಿ ಉದುರಿ ನಡುವೆ ಉಳಿದಿತ್ತು. ಅಂದಿನಿಂದ ಅಲ್ಯೂಮಿನಿಯಂ ಹಾಕಿದರೆ ನೈಟ್ರೋಜನ್, ಆರ್ಗಾನ್ ಮಾತ್ರ ಇದ್ದರೆ ಟೈಟಾನಿಯಂ ಎಂದು ನಾನು ಗೆರೆ ಹಾಕಿಕೊಂಡಿದ್ದೇನೆ. ಟೈಟಾನಿಯಂ ಎರಡರಲ್ಲೂ ನಡೆಯುತ್ತದೆ. ನೈಟ್ರೋಜನ್‌ನಲ್ಲಿ ಸುಟ್ಟಾಗ ಬಿಲ್ಲೆಯ ಮೇಲ್ಮೈ ಅಲ್ಲಲ್ಲಿ ಚಿನ್ನದ ಬಣ್ಣಕ್ಕೆ ತಿರುಗಿದರೆ ಹೆದರಬೇಡಿ, ಅದು ಟೈಟಾನಿಯಂ ನೈಟ್ರೈಡ್.

ಪುಡಿ ಕೆಲವೇ ಮೈಕ್ರಾನ್‌ನಷ್ಟು ನುಣ್ಣಗಿರಲಿ. 40-50 ಮೈಕ್ರಾನ್ ಕಣವಾದರೆ ಹೊರಗಿನ ಸಿಪ್ಪೆ ಕಾರ್ಬೈಡ್ ಆಗಿ, ತಿರುಳು ಲೋಹವಾಗೇ ಉಳಿಯುತ್ತದೆ. ಅಳತೆಯಲ್ಲೂ ಒಂದು ಎಚ್ಚರ: ಪ್ರಬಂಧಗಳಲ್ಲಿ ಶೇ. 30-40 ಪುಡಿ ಎಂದು ಬರೆದಿದ್ದರೆ ಅದು ಸಾಮಾನ್ಯವಾಗಿ ಗಾತ್ರದ ಲೆಕ್ಕ. ಟೈಟಾನಿಯಂ ಸಾಂದ್ರತೆ 4.5; ಗಾತ್ರದಲ್ಲಿ ಶೇ. 30 ಎಂದರೆ ತೂಕದಲ್ಲಿ ಶೇ. 64ರಷ್ಟಾಗುತ್ತದೆ. ತಕ್ಕಡಿಯಲ್ಲಿ ಶೇ. 30 ತೂಗಿ ಹಾಕಿ "ಏನೂ ಹಿಗ್ಗಲಿಲ್ಲ" ಎಂದು ಕೈಬಿಟ್ಟವರನ್ನು ಕಂಡಿದ್ದೇನೆ.

ಕಬ್ಬಿಣದ ಸ್ವಭಾವ ಪೂರ್ತಿ ಬೇರೆ. ಕಬ್ಬಿಣ, ಕೋಬಾಲ್ಟ್, ನಿಕ್ಕಲ್ ಮೂರೂ ಒಂದು ಗುಂಪು: ಇವು ಜಾಗ ತುಂಬುವುದಕ್ಕಿಂತ ಬದಲಾವಣೆಯ ವೇಗ ಹೆಚ್ಚಿಸುತ್ತವೆ. ಕಬ್ಬಿಣ ರಾಳದ ಸಿಲಿಕಾನ್ ಹೀರಿ ಕಬ್ಬಿಣದ ಸಿಲಿಸೈಡ್ ಆಗುತ್ತದೆ. ಕಬ್ಬಿಣದಂಶ ಹೆಚ್ಚಿರುವ ಸಿಲಿಸೈಡ್ ಆಯಸ್ಕಾಂತಕ್ಕೆ ಅಂಟುತ್ತದೆ, ನಿಮ್ಮ ಗೆಳತಿ ಕಂಡದ್ದು ಅದನ್ನೇ ಇರಬೇಕು. 1200 ಡಿಗ್ರಿಯ ಆಸುಪಾಸಿನಿಂದ ಈ ಕಬ್ಬಿಣ-ಸಿಲಿಕಾನ್ ಮಿಶ್ರಣ ಸಣ್ಣ ಸಣ್ಣ ಹನಿಯಾಗಿ ಕರಗುತ್ತದೆ. ಬಿಲ್ಲೆಯಿಂದ ಏಳುವ ಸಿಲಿಕಾನ್ ಮಾನಾಕ್ಸೈಡ್, ಕಾರ್ಬನ್ ಮಾನಾಕ್ಸೈಡ್ ಅನಿಲಗಳು ಆ ಹನಿಯೊಳಗೆ ಕರಗಿಕೊಳ್ಳುತ್ತವೆ. ಹನಿ ತಾಳಲಾರದಷ್ಟು ತುಂಬಿದಾಗ ಅಡಿಯಿಂದ ಹರಳಿನ ಎಳೆ ಹೊರಡುತ್ತದೆ. ಶ್ಯಾವಿಗೆ ಒರಳಿನಿಂದ ಎಳೆ ಬಂದಂತೆ, ಆದರೆ ಇಲ್ಲಿ ಒರಳೇ ಎಳೆಯ ತುದಿಯಲ್ಲಿ ಕೂತು ಮೇಲೇರುತ್ತ ಹೋಗುತ್ತದೆ. 1964ರಲ್ಲಿ ವ್ಯಾಗ್ನರ್ ಮತ್ತು ಎಲ್ಲಿಸ್ ಚಿನ್ನದ ಹನಿ ಬಳಸಿ ಸಿಲಿಕಾನ್ ಎಳೆ ಬೆಳೆಸಿ ಈ ದಾರಿಯನ್ನು ವಿವರಿಸಿದರು. ಎಸ್‌ಇಎಂನಲ್ಲಿ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ಆ ಹತ್ತಿಯನ್ನು ನೋಡಿಸಿ: ಎಳೆಯ ತುದಿಯಲ್ಲಿ ಬೆಂಕಿಕಡ್ಡಿಯ ತಲೆಯಂಥ ಉಂಡೆ ಕಂಡರೆ ಅದೇ ಆ ಹನಿ. ಎಳೆ ಸಿಲಿಕಾನ್ ಕಾರ್ಬೈಡೋ ನೈಟ್ರೈಡೋ ಎಂಬುದನ್ನು ಎಕ್ಸ್‌ಆರ್‌ಡಿ ಹೇಳುತ್ತದೆ. ತಾಮ್ರದ ಎಕ್ಸ್-ಕಿರಣದಲ್ಲಿ 35.6 ಡಿಗ್ರಿಯ ಬಳಿ ಬಲವಾದ ಗೆರೆ ಬಂದರೆ ಕಾರ್ಬೈಡ್. ನೈಟ್ರೋಜನ್‌ನಲ್ಲಿ ಸುಟ್ಟಿರುವುದರಿಂದ ಎರಡೂ ಇರಬಹುದು.

ನಿಮಗೆ ಗಟ್ಟಿ ಬಿಲ್ಲೆ ಬೇಕಿದ್ದರೆ ಕಬ್ಬಿಣ ಹಿತವಲ್ಲ. ಅದು ಗಾಜನ್ನು ಬೇಗ ಹರಳಾಗಿಸುತ್ತದೆ, ಇಂಗಾಲವನ್ನು ಗ್ರಾಫೈಟಿನತ್ತ ತಳ್ಳುತ್ತದೆ, ಅನಿಲ ಏಳುವ ಕ್ರಿಯೆಗಳನ್ನು ಕಡಿಮೆ ಬಿಸಿಗೇ ಶುರು ಮಾಡಿಸುತ್ತದೆ. ಸೋಸುವ ತಟ್ಟೆಗೋ ವಿದ್ಯುತ್ ಹರಿಯುವ ಬಿಲ್ಲೆಗೋ ಆದರೆ ಅದೇ ಗುಣ ವರ. ಒಂದು ಎಚ್ಚರಿಕೆ: ಸ್ಟೀಲ್ ಗುಂಡುಗಳ ಬಾಲ್ ಮಿಲ್ಲಿನಲ್ಲಿ ಪುಡಿ ಅರೆದರೆ ಕಬ್ಬಿಣ ನೀವು ಹಾಕದೆಯೂ ಬಂದು ಸೇರುತ್ತದೆ. ಅಲ್ಯೂಮಿನಾ ಇಲ್ಲವೇ ಜಿರ್ಕೋನಿಯಾ ಗುಂಡು ಬಳಸಿ.

ಲೋಹವನ್ನು ಪುಡಿಯಾಗಿ ಬೆರೆಸದೆ ಪಾಲಿಮರಿನ ಅಣುವಿನೊಳಗೇ ಕೂರಿಸುವ ದಾರಿ ಇನ್ನೂ ಸೊಗಸು. ಜಪಾನಿನ ತೊಹೊಕು ವಿಶ್ವವಿದ್ಯಾಲಯದ ಸೇಶಿ ಯಾಜಿಮಾ 1975ರಲ್ಲಿ ಪಾಲಿಕಾರ್ಬೋಸಿಲೇನ್ ಎಂಬ ಪಾಲಿಮರನ್ನು ನೂಲಾಗಿ ಎಳೆದು, ಕಾಯಿಸಿ, ಸಿಲಿಕಾನ್ ಕಾರ್ಬೈಡ್ ನೂಲು ಮಾಡಿ ತೋರಿಸಿದರು. ನಿಕಲಾನ್ ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂತು. ನೂಲನ್ನು ಗಾಳಿಯಲ್ಲಿ ಬಿಗಿಗೊಳಿಸುವಾಗ ಸೇರಿದ ಆಮ್ಲಜನಕವೇ ಅದಕ್ಕೆ ಮುಳುವಾಗಿತ್ತು. 1200 ಡಿಗ್ರಿ ದಾಟಿದಂತೆ ಅದು ಅನಿಲವಾಗಿ ಹೊರಟು ನೂಲು ದುರ್ಬಲವಾಗುತ್ತಿತ್ತು. ಆಮೇಲೆ ಬಂದ ಟಿರಾನೋ ನೂಲಿನಲ್ಲಿ ಟೈಟಾನಿಯಂ ಪಾಲಿಮರಿನ ಭಾಗವೇ ಆಗಿತ್ತು. ಅಲ್ಲಿ ಟೈಟಾನಿಯಂ ಹರಳು ಬೆಳೆಯುವುದನ್ನು ತಡೆದು ನೂಲನ್ನು ಗಾಜಿನ ಸ್ಥಿತಿಯಲ್ಲಿ ಹೆಚ್ಚು ಹೊತ್ತು ಹಿಡಿದಿಟ್ಟಿತು, ಕಬ್ಬಿಣ ಮಾಡುವುದಕ್ಕೆ ತದ್ವಿರುದ್ಧ. ಅದೇ ಕುಟುಂಬದ ಇನ್ನೊಂದು ನೂಲಿಗೆ ಅಲ್ಯೂಮಿನಿಯಂ ಸೇರಿಸಿ, 1800 ಡಿಗ್ರಿಗೂ ಮೇಲೆ ಕಾಯಿಸಿ, ಕಣಕಣ ಕೂಡಿದ ಗಟ್ಟಿ ಕಾರ್ಬೈಡ್ ಮಾಡಿದರು. ಹಾಫ್ನಿಯಂ ಇನ್ನೊಂದು ಬಗೆ: ಅದು ಸಿಲಿಕಾದ ಜೊತೆ ಸೇರಿ ಹಾಫ್ನಿಯಂ ಸಿಲಿಕೇಟ್ ಆಗುತ್ತದೆ, ಇಂಗಾಲ ಬಂದು ಕಸಿಯುವ ಮೊದಲೇ ಸಿಲಿಕಾ ಬೇರೆ ಮನೆ ಸೇರಿರುತ್ತದೆ, 1600 ಡಿಗ್ರಿಯ ಸುಮಾರಿನಲ್ಲೂ ತೂಕ ಇಳಿಯುವುದು ಬಹಳ ಕಡಿಮೆ.

ಇದು ದೂರದ ಮಾತಲ್ಲ. ಸಿಲಿಕಾನ್ ಕಾರ್ಬೈಡ್ ನೂಲಿನ ಸೆರಾಮಿಕ್ ಭಾಗಗಳು 2016ರಿಂದ ಲೀಪ್ ಎಂಬ ವಿಮಾನ ಎಂಜಿನ್ನಿನೊಳಗೆ ಕೆಲಸ ಮಾಡುತ್ತಿವೆ. 2023ರ ಏಪ್ರಿಲ್ 2ರ ಬೆಳಗ್ಗೆ ಇಸ್ರೋ ತನ್ನ ರೆಕ್ಕೆಯುಳ್ಳ ವಾಹನವನ್ನು ಹೆಲಿಕಾಪ್ಟರಿನಿಂದ ಬಿಟ್ಟು ತಾನಾಗಿ ಇಳಿಸಿದ್ದು ನಮ್ಮ ಚಳ್ಳಕೆರೆ ಬಳಿಯ ಪರೀಕ್ಷಾ ಕೇಂದ್ರದಲ್ಲಿ. ಅಂಥ ವಾಹನ ಮುಂದೆ ಕಕ್ಷೆಯಿಂದಲೇ ಮರಳುವಾಗ ಅದರ ಮೂತಿ ಮತ್ತು ರೆಕ್ಕೆಯಂಚು ತಡೆಯಬೇಕಾದ ಬಿಸಿಗೆ ಇಂಥ ವಸ್ತುಗಳೇ ಬೇಕು. ದಾವಣಗೆರೆಯ ಎಂ.ಎಸ್ಸಿ. ಪ್ರಾಜೆಕ್ಟೊಂದು ಈ ದಾರಿಯಲ್ಲೇ ಇದೆ ಎಂಬುದು ನನಗೆ ನಿಜವಾಗಿ ಸಂತೋಷ ಕೊಟ್ಟಿದೆ.

ರಾಳ ದುಬಾರಿ ಎನಿಸಿದರೆ ಭತ್ತದ ಹೊಟ್ಟು ನೆನಪಿಡಿ. ಯಾಜಿಮಾ ನೂಲು ತೋರಿಸಿದ ಅದೇ 1975ರಲ್ಲಿ ಅಮೆರಿಕದಲ್ಲಿ ಲೀ ಮತ್ತು ಕಟ್ಲರ್ ಹೊಟ್ಟಿನಿಂದ ಸಿಲಿಕಾನ್ ಕಾರ್ಬೈಡ್ ಮಾಡಿದ ಪ್ರಬಂಧ ಬಂತು. ಹೊಟ್ಟಿನ ತೂಕದಲ್ಲಿ ಸುಮಾರು ಐದನೇ ಒಂದು ಪಾಲು ಬೂದಿ, ಬೂದಿಯಲ್ಲಿ ಬಹುಪಾಲು ಸಿಲಿಕಾ. ಪ್ರಕೃತಿಯೇ ಸಿಲಿಕಾ ಮತ್ತು ಇಂಗಾಲವನ್ನು ಅಷ್ಟು ನುಣ್ಣಗೆ ಬೆರೆಸಿಟ್ಟಿದೆ. ಗಾಳಿಯಿಲ್ಲದೆ 1400 ಡಿಗ್ರಿ ಮೀರಿ ಕಾಯಿಸಬೇಕು. ಕಬ್ಬಿಣದ ಲವಣದಲ್ಲಿ ನೆನೆಸಿದರೆ ಕೆಲಸ ಬೇಗ. ಭದ್ರಾ ನಾಲೆಯ ಸೀಮೆಯಲ್ಲಿ ಹೊಟ್ಟಿಗೇನು ಬರ?

ನಾನು ನಿಮ್ಮ ಜಾಗದಲ್ಲಿದ್ದರೆ ಹೀಗೆ ಮಾಡುತ್ತಿದ್ದೆ. ಮೊದಲ ಸರದಿಯಲ್ಲಿ ಲೋಹ ಬೇಡ. ರಾಳಕ್ಕೆ ಗಾತ್ರದಲ್ಲಿ ಶೇ. 30 ಅಲ್ಯೂಮಿನಾ ಬೆರೆಸಿ, ಬಿಲ್ಲೆಯನ್ನು 1.5 ಮಿ.ಮೀ.ಗೆ ಇಳಿಸಿ, ಒವನ್ನಿನಲ್ಲಿ 200 ಡಿಗ್ರಿಗೆ ನಿಧಾನವಾಗಿ ಏರಿಸಿ ಒಂದು ರಾತ್ರಿ ಇಡಿ. ಫರ್ನೇಸಿನಲ್ಲಿ 300ರಿಂದ 800ಕ್ಕೆ ನಿಮಿಷಕ್ಕೆ 1 ಡಿಗ್ರಿ, ಅಂದರೆ 8 ಗಂಟೆ 20 ನಿಮಿಷ. ಆಮೇಲೆ ಬೇಕಾದರೆ 3 ಡಿಗ್ರಿ. ಬಿಲ್ಲೆ ಒಡೆಯದೆ ಬಂದರೆ ಎರಡನೇ ಸರದಿಯಲ್ಲಿ ಅಲ್ಯೂಮಿನಾದ ಅರ್ಧ ಗಾತ್ರವನ್ನು ಟೈಟಾನಿಯಂಗೆ ಬದಲಿಸಿ, 1000ಕ್ಕೊಂದು, 1200ಕ್ಕೊಂದು, 1400ಕ್ಕೊಂದು ಸುಟ್ಟು, ಪ್ರತಿಯೊಂದರ ತೂಕವನ್ನೂ ವ್ಯಾಸವನ್ನೂ ಮುಂಚೆ-ಆಮೇಲೆ ಬರೆದಿಡಿ. ನಿಮ್ಮ ಪ್ರಾಜೆಕ್ಟಿನ ಅತ್ಯುತ್ತಮ ಚಿತ್ರ ಆ ವ್ಯಾಸದ ಗ್ರಾಫೇ ಆಗುತ್ತದೆ.

ಲೋಹದ ಪುಡಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅಲ್ಯೂಮಿನಿಯಂ, ಟೈಟಾನಿಯಂಗಳ ನುಣ್ಣನೆಯ ಪುಡಿ ಗಾಳಿಯಲ್ಲಿ ಎದ್ದರೆ ಒಂದು ಕಿಡಿಗೆ ಸ್ಫೋಟಿಸಬಹುದು. ಹೊತ್ತಿಕೊಂಡರೆ ನೀರು ಹಾಕುವಂತಿಲ್ಲ, ಕಾರ್ಬನ್ ಡೈಆಕ್ಸೈಡ್ ಸಿಲಿಂಡರೂ ಆಗದು. ಪಕ್ಕದಲ್ಲಿ ಒಣ ಮರಳಿನ ಬಕೆಟ್ಟಿರಲಿ. ತೂಗುವುದನ್ನು ಫ್ಯಾನ್ ಆರಿಸಿ, ಸ್ವಲ್ಪ ಸ್ವಲ್ಪವಾಗಿ ಮಾಡಿ. ಫರ್ನೇಸಿನ ಹೊರಕೊಳವೆಯಿಂದ ಬರುವುದು ಮೀಥೇನ್, ಹೈಡ್ರೋಜನ್, ಮೇಲಿನ ಬಿಸಿಯಲ್ಲಿ ಕಾರ್ಬನ್ ಮಾನಾಕ್ಸೈಡ್. ಕೊನೆಯದಕ್ಕೆ ವಾಸನೆಯಿಲ್ಲ. ಕೊಳವೆ ಕಿಟಕಿಯಾಚೆಗೋ ಫ್ಯೂಮ್ ಹುಡ್ಡಿಗೋ ಹೋಗಲೇಬೇಕು, ರಾತ್ರಿ ಒಬ್ಬರೇ ಕೂತು ಸುಡಬೇಡಿ.

ಈಗ ಆ ಮೂರು ಹೋಳು. ಮೇಜಿನ ಮೇಲಿಟ್ಟು ಒಂದಕ್ಕೊಂದು ಜೋಡಿಸಿ ನೋಡಿ. ಕೂದಲೆಳೆಯಷ್ಟೂ ಸಂದಿಯಿಲ್ಲದೆ ಕೂತರೆ ಬಿಲ್ಲೆ ಪೂರ್ತಿ ಕುಗ್ಗಿದ ಮೇಲೆ ಒಡೆದಿದೆ, ಬಹುಶಃ ತಣಿಯುವಾಗ. ಹಾಗಿದ್ದರೆ ಇಳಿಸುವ ವೇಗವನ್ನೂ ತಗ್ಗಿಸಬೇಕು. ನಡುವೆ ಸಂದಿ ಬಿಟ್ಟು, ಅಂಚುಗಳು ಹೊಂದದೆ ಓರೆಯಾಗಿ ಕೂತರೆ ಅದು ಮೊದಲೇ ಒಡೆದು, ಹೋಳುಗಳು ಒಂದೊಂದೂ ತಮ್ಮ ಪಾಡಿಗೆ ತಾವು ಕುಗ್ಗಿವೆ. ನಿಮ್ಮದು ಎರಡನೆಯದೇ ಇರುತ್ತದೆಂದು ನನ್ನ ಅಂದಾಜು. ನೋಡಿ ಬರೆಯಿರಿ.